ನೋಡಾನ

ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿ ಬಿದ್ದಿತ್ತು. ಅದನ್ನು ಸರಿಮಾಡಿಸಲು ತಾಲ್ಲೂಕು ಕಚೇರಿಯೊಂದರ ಪಡಸಾಲೆಯಲ್ಲಿ ಕೂತಿದ್ದೆ. ಎದುರಿನ ಬಾಗಿಲ ಮೇಲೆ ‘ಕಂದಾಯ ನಿರೀಕ್ಷಕರು’ ಎಂಬ ಹಲಗೆ, ಬಾಗಿಲಿಗೆ ಬೀಗ. ಪಕ್ಕದ ಬೆಂಚಿನಲ್ಲಿ ಪಾವಗಡದ ಕಡೆಯ ಅಜ್ಜಿಯೊಬ್ಬರು. ಮಡಿಲಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಬೆಳೆ ಪರಿಹಾರದ ಅರ್ಜಿ, ಆಧಾರ್ ಕಾರ್ಡಿನ ಜೆರಾಕ್ಸು, ರಟ್ಟು ಸವೆದ ಒಂದು ಸತ್ಯವೇದ, ಎಂದರೆ ಕನ್ನಡ ಬೈಬಲ್ಲು. ಜೆರಾಕ್ಸು ಮುದುರದಿರಲಿ ಎಂದು ಸತ್ಯವೇದದ ಹಾಳೆಗಳ ನಡುವೆ ಇಟ್ಟಿದ್ದರು.

“ಸಾಹೇಬ್ರು ಇವತ್ತು ಬತ್ತಾರೇನಪ್ಪ?”

“ಗೊತ್ತಿಲ್ಲಮ್ಮ.”

“ಆಗ್ಲಿ, ನೋಡಾನ.”

ನಾನು ಚರ್ಚಿಗೆ ಹೋಗುವವನಲ್ಲ, ಪದಗಳ ಹಿಂದೆ ಹೋಗುವವನು. ಹಲಗೆಯ ಮೇಲಿನ ಪದಕ್ಕೂ ಅಜ್ಜಿಯ ಬಾಯಿಂದ ಬಂದ ಪದಕ್ಕೂ ಚೀಲದಲ್ಲಿದ್ದ ಪುಸ್ತಕಕ್ಕೂ ಏನೋ ನಂಟಿದೆ ಅನ್ನಿಸಿತು. ಬೀಗ ತೆಗೆಯುವವರೆಗೆ ಹೊತ್ತು ಬೇಕಾದಷ್ಟಿತ್ತು.

ನಿರೀಕ್ಷಕ ಎಂದರೆ ನೋಡುವವನು. ಸಂಸ್ಕೃತದ ‘ಈಕ್ಷ್’ ಧಾತುವಿಗೆ ನೋಡು ಎಂದು ಅರ್ಥ. ‘ನಿರ್’ ಸೇರಿದರೆ ದಿಟ್ಟಿಸಿ ನೋಡುವುದು. ಈ ಧಾತುವಿನ ಸಂಸಾರ ದೊಡ್ಡದು. ಪರೀಕ್ಷೆ, ಸಮೀಕ್ಷೆ, ಅಪೇಕ್ಷೆ, ಪ್ರತೀಕ್ಷೆ, ಉಪೇಕ್ಷೆ ಎಲ್ಲವೂ ಆ ಒಂದೇ ಕಣ್ಣಿನ ಮಕ್ಕಳು. ಪಾವಗಡದ ನಿಡುಗಲ್ ಬೆಟ್ಟದ ಸುತ್ತಲ ಸೀಮೆಗೆ ಇವುಗಳಲ್ಲಿ ಹೆಚ್ಚು ಪರಿಚಯವಿರುವುದು ಸಮೀಕ್ಷೆ ಮತ್ತು ಉಪೇಕ್ಷೆ. 2002ರಲ್ಲಿ, ಪ್ರಾದೇಶಿಕ ಅಸಮತೋಲನ ಅಳೆಯಲು ಕೂತ ನಂಜುಂಡಪ್ಪ ಸಮಿತಿ ಲೆಕ್ಕ ಹಾಕಿ ಪಾವಗಡ, ಮಧುಗಿರಿ, ಸಿರಾಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಇದು ಸಮೀಕ್ಷೆ. ತುಮಕೂರಿನಿಂದ ಮಧುಗಿರಿ, ಪಾವಗಡದ ಮೇಲೆ ರಾಯದುರ್ಗಕ್ಕೆ ಹೋಗುವ ರೈಲು ಮಾರ್ಗ ಮಂಜೂರಾದದ್ದು 2007-08ರಲ್ಲಿ. ಆಗ ಹುಟ್ಟಿದ ಮಕ್ಕಳಿಗೆ ಮೀಸೆ ಬಂದಿದೆ. ಇದಕ್ಕೆ ಯಾವ ಪದ ಎಂದು ಬೇರೆ ಹೇಳಬೇಕಿಲ್ಲ.

ಊರ ಕನ್ನಡದಲ್ಲಿ, ಪೇಪರಿನ ಕನ್ನಡದಲ್ಲಿ ‘ನಿರೀಕ್ಷೆ’ ಒಳ್ಳೆಯದಕ್ಕೂ ಸೈ, ಕೆಟ್ಟದ್ದಕ್ಕೂ ಸೈ. ಫಲಿತಾಂಶದ ನಿರೀಕ್ಷೆ, ಬೆಲೆ ಏರುವ ನಿರೀಕ್ಷೆ. ಪೊಲೀಸರು ಬಂದು ಹಿಡಿಯುತ್ತಾರೆಂದು ಮೊದಲೇ ಕಂಡುಕೊಂಡವರಿಗೆ ‘ನಿರೀಕ್ಷಣಾ ಜಾಮೀನು’. ಕನ್ನಡ ಸತ್ಯವೇದದಲ್ಲಿ ಮಾತ್ರ ಈ ಪದಕ್ಕೆ ಬೇರೆಯೇ ಬಾಳು. ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ನಿಲ್ಲುವ ಮೂರು ಸಂಗತಿಗಳನ್ನು ಹೇಳುತ್ತಾನಲ್ಲ, ಅಲ್ಲಿ ನಂಬಿಕೆಗೂ ಪ್ರೀತಿಗೂ ನಡುವೆ ನಿಂತಿರುವುದು ನಿರೀಕ್ಷೆ. ಸಾವಿನ ಮನೆಯಲ್ಲಿ ಪಾದ್ರಿಗಳು ಬಾಯಿಬಿಟ್ಟರೆ ಅದೇ ಪದ, ಸಮಾಧಿಯ ಕಲ್ಲಿನ ಮೇಲೂ ಅದೇ. ಇನ್ನೆಲ್ಲೂ ಇಲ್ಲದ ಒಂದು ತೂಕ ಅದಕ್ಕೆ ಅಲ್ಲಿ ಬಂದಿದೆ.

ನೆರೆಹೊರೆಯವರನ್ನು ನೋಡಿ. ತಮಿಳು ಬೈಬಲ್ಲಿನಲ್ಲಿ ಇದೇ ಜಾಗದಲ್ಲಿ ನಿಂತಿರುವುದು ‘ನಂಬಿಕ್ಕೈ’. ನಮ್ಮ ‘ನಂಬಿಕೆ’ಯ ಒಡಹುಟ್ಟು ಅಲ್ಲಿ ಒಂದು ಮನೆ ಆಚೆ ಸರಿದು ಕೂತಿದೆ. ಮಲಯಾಳಿಗಳು ಪ್ರತ್ಯಾಶೆ ಎನ್ನುತ್ತಾರೆ, ಅದು ಆಸೆಯ ಕುಲ. ತೆಲುಗರು ಮಾತ್ರ ನಮ್ಮಂತೆ: ‘ನಿರೀಕ್ಷಣ’. ಪಾವಗಡ ಮೂರು ಕಡೆಯೂ ಆಂಧ್ರ ಸುತ್ತುವರಿದ ತಾಲ್ಲೂಕು. ಒಂದೇ ಮನೆಯಲ್ಲಿ ಅಜ್ಜಿ ತೆಲುಗಿನಲ್ಲಿ ಪ್ರಾರ್ಥಿಸಿ ಮೊಮ್ಮಗಳು ಕನ್ನಡದಲ್ಲಿ ಓದುವುದುಂಟು, ಈ ಪದಕ್ಕೆ ಬಂದಾಗ ಇಬ್ಬರ ನಾಲಿಗೆಯೂ ಕೂಡಿಕೊಳ್ಳುತ್ತದೆ. ನಮ್ಮ ಕಥೋಲಿಕರ ಬಾಯಲ್ಲಿ ‘ಭರವಸೆ’ ಹೆಚ್ಚು. ಒಳ್ಳೆಯ ಪದವೇ, ಆದರೆ ಪಾಪ, ಚುನಾವಣೆಯವರ ಕೈಗೆ ಸಿಕ್ಕಿ ನುಗ್ಗಾಗಿದೆ. ಈ ಸೀಮೆಯಲ್ಲಿ ‘ಭರವಸೆ ಕೊಟ್ಟರು’ ಎಂದರೆ ಕೇಳಿದವರು ನಗುತ್ತಾರೆ.

ಹೀಬ್ರೂವಿನಲ್ಲಿ ನಿರೀಕ್ಷೆಗೆ ‘ತಿಕ್ವಾ’ ಎಂಬ ಪದವಿದೆ. ಅದೇ ಪದಕ್ಕೆ ಹುರಿ, ಹಗ್ಗ ಎಂಬ ಅರ್ಥವೂ ಇದೆ. ಯೆರಿಕೋ ಊರಿನ ರಾಹಾಬಳು ತನ್ನ ಮನೆಯವರ ಜೀವ ಉಳಿಯಲೆಂದು ಕಿಟಕಿಗೆ ಕಟ್ಟಿದ ಕೆಂಪು ಹುರಿಗೆ ಯೆಹೋಶುವನ ಪುಸ್ತಕದಲ್ಲಿ ಬಳಸಿರುವುದು ಇದೇ ಪದ. ಮಧುಗಿರಿ ಕಡೆಯ ಹಳಬರಿಗೆ ಇದನ್ನು ಹೇಳಿದರೆ ಎತ್ತು ಹೂಡಿ ನೀರೆತ್ತುತ್ತಿದ್ದ ಕಪಿಲೆ ಬಾವಿಯ ಮಿಣಿ ನೆನಪಾಗಬಹುದು. ನೀರು ತಳಕ್ಕಿಳಿದ ಹಾಗೆಲ್ಲ ಮಿಣಿಗೆ ಇನ್ನಷ್ಟು ಹಗ್ಗ ಸೇರಿಸುತ್ತಿದ್ದರೇ ಹೊರತು, ಬಾವಿಗೆ ಬೆನ್ನು ಹಾಕುತ್ತಿರಲಿಲ್ಲ.

ಕನ್ನಡದ ಅನುವಾದಕರಿಗೆ ಹಗ್ಗ ಸಿಗಲಿಲ್ಲ, ಕಣ್ಣು ಸಿಕ್ಕಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕೂತು, ಪಂಡಿತರ ನೆರವಿನಿಂದ ಪೂರ್ತಿ ಬೈಬಲ್ಲನ್ನು 1831ರ ಹೊತ್ತಿಗೆ ಕನ್ನಡಕ್ಕೆ ತಂದರು. ಆಮೇಲೆ ಅದನ್ನು ತಿದ್ದಿದವರು ಹಲವರು. ಆ ಕಣ್ಣು ಪೌಲನ ಇನ್ನೊಂದು ಮಾತಿಗೆ ತಮಾಷೆಯಾಗಿ ತಾಗುತ್ತದೆ. ಕಣ್ಣಿಗೆ ಕಂಡದ್ದನ್ನು ಯಾರಾದರೂ ಇನ್ನು ನಿರೀಕ್ಷಿಸುವುದುಂಟೇ ಎಂಬ ಅರ್ಥದಲ್ಲಿ ರೋಮಾಪುರದವರಿಗೆ ಅವನು ಬರೆಯುತ್ತಾನೆ. ಪೌಲ ಬಳಸಿದ ಗ್ರೀಕ್ ಪದ ‘ಎಲ್ಪಿಸ್’ನಲ್ಲಿ ನೋಟದ ಸುಳಿವಿಲ್ಲ. ಕನ್ನಡದಲ್ಲಿ ಓದಿದರೆ ಮಾತ್ರ, ಕಾಣದ್ದನ್ನು ದಿಟ್ಟಿಸಿ ನೋಡು ಎಂದಂತಾಗುತ್ತದೆ. ಬಾಗಿಲ ಮೇಲಿನ ಹಲಗೆಯ ನಿರೀಕ್ಷಕರ ಕೆಲಸ ಇದಕ್ಕೆ ಪೂರಾ ತದ್ವಿರುದ್ಧ. ಒಣಗಿದ ಹೊಲಕ್ಕೆ ಬಂದು ಇದ್ದದ್ದನ್ನು ಇದ್ದಂತೆ ನೋಡಿ ಶೇಕಡಾವಾರು ಬರೆದುಕೊಂಡು ಹೋಗಬೇಕು. ಅವರೂ ಬೇಕು. ಅವರು ನೋಡದೆ ಪರಿಹಾರ ಬರುವುದಿಲ್ಲ.

ನಿರೀಕ್ಷೆ ಎಂಬ ಪದಕ್ಕೆ ನಮ್ಮ ತುಮಕೂರು ಜಿಲ್ಲೆಯಲ್ಲಿ ದೊಡ್ಡ ಪರೀಕ್ಷೆ ಎದುರಾದದ್ದು ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, 1876-78ರಲ್ಲಿ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲೇ ಗುಬ್ಬಿಯಲ್ಲಿ ನೆಲೆ ಹೂಡಿದ್ದರು. ನಾಲ್ಕು ದಶಕ ಸಾರಿದರೂ ಕಿವಿಗೊಟ್ಟವರು ಕೆಲವರೇ. ಆಮೇಲೆ ಮಳೆ ಹೋಯಿತು. ನೆಲದಡಿಯ ಹಗೇವಿನ ರಾಗಿ ಮೊದಲ ವರ್ಷ ಹೇಗೋ ಕಾಪಾಡಿತು, ಎರಡನೆಯ ವರ್ಷಕ್ಕೆ ಹಗೇವೇ ಬರಿದು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಗೆ ಸಿಕ್ಕವರು 50 ಲಕ್ಷಕ್ಕೆ ಮೇಲೆ, 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಅಪ್ಪ ಅಮ್ಮ ಇಬ್ಬರೂ ಹೋಗಿ ಉಳಿದ ಮಕ್ಕಳಿಗೆಂದು ಮಿಷನ್ನಿನವರು ತುಮಕೂರಿನಲ್ಲಿ, ಹಾಸನದಲ್ಲಿ ಅನಾಥಾಲಯ ತೆರೆದರು. ಆ ಮಕ್ಕಳಲ್ಲಿ ಅನೇಕರು ಕ್ರೈಸ್ತರಾಗಿ ಬೆಳೆದರು.

ಗಂಜಿಗಾಗಿ ಮತ ಬಿಟ್ಟರು ಎಂದು ಮೂಗು ಮುರಿಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಆ ಮಾತಿನಲ್ಲಿ ಹುರುಳು ಕಾಣುವುದಿಲ್ಲ. ಬರದಲ್ಲಿ ಗಂಜಿ ಕೊಟ್ಟವರ ದೇವರನ್ನು ನಂಬದೆ, ಹಗೇವಿಗೆ ಬೀಗ ಹಾಕಿಕೊಂಡವರ ದೇವರನ್ನು ನಂಬಬೇಕಿತ್ತೇ? ಗಂಜಿಗಾಗಿ ಬಂದವರು ಗಂಜಿ ತೀರಿದ ಮೇಲೂ ನಿಂತರಲ್ಲ, ನೋಡಬೇಕಾದದ್ದು ಅದನ್ನು.

ಅಂದು ಸಾಹೇಬರು ಬರಲಿಲ್ಲ. ಅಜ್ಜಿ ಎದ್ದವರು, “ನಮ್ಮೂರ ಕಡೆ ಬಂದ್ರೆ ಮನೆತಾವ ಬಾರಪ್ಪ” ಎಂದರು. ಹಾಗೆ ಕರೆದವರ ಮನೆಗೆ ಯಾರೂ ಹೋಗುವುದಿಲ್ಲ. ನಾನು ಹೋದೆ, ರೋಹಿಣಿ ಮಳೆ ಕೈಕೊಟ್ಟು ಮೃಗಶಿರದ ಮೇಲೆ ಕಣ್ಣಿಟ್ಟಿದ್ದ ಹೊತ್ತಿಗೆ. (ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವವರೂ ಇಲ್ಲಿ ಮಳೆಗೆ ನಕ್ಷತ್ರದ ಹೆಸರನ್ನೇ ಹೇಳುತ್ತಾರೆ. ಪಾದ್ರಿಗಳೂ ಅಷ್ಟೆ.) ದಾರಿಯುದ್ದಕ್ಕೂ ನಿಡುಗಲ್ ಬೆಟ್ಟ ಕಾಣುತ್ತಿತ್ತು. ಅದರ ಬೆನ್ನಿಗೆ ಮೋಡದ ಒಂದು ಚೂರೂ ಇಲ್ಲ.

ಅಜ್ಜಿ ಜಗುಲಿಯ ಮೇಲೆ ಕಾಲು ಚಾಚಿ ಕಡ್ಲೆಕಾಯಿ ಸುಲಿಯುತ್ತಿದ್ದರು. ಬಿತ್ತನೆ ಬೀಜ. ಯಂತ್ರಕ್ಕೆ ಹಾಕಿದರೆ ಬೀಜ ಒಡೆಯುತ್ತದೆ, ಮೇಲಿನ ಕೆಂಪು ಸಿಪ್ಪೆ ಹೋದರೆ ಸರಿಯಾಗಿ ಮೊಳೆಯುವುದಿಲ್ಲ, ಅದಕ್ಕೇ ಕೈಯಲ್ಲಿ. ಕಾಯಿಗೆ ಒಂದಿಷ್ಟು ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡಿದ್ದರು. ಹೆಬ್ಬೆರಳಿನ ತುದಿಗೆ ಹಳೆ ಬಟ್ಟೆಯ ಚಿಂದಿ ಸುತ್ತಿತ್ತು.

“ಮಳೆ ಬತ್ತೈತೆ ಅಂತೀರಾ ಅಜ್ಜಿ?”

“ಯಾರಿಗ್ ಗೊತ್ತು? ಬತ್ತೈತೆ ಅಂತ ಸುಲೀತಿಲ್ಲ ಕಣಪ್ಪ. ಬಂದ ದಿನ ಮನೇಲಿ ಬೀಜ ಇಲ್ದಂಗೆ ಆಗ್ಬಾರ್ದು, ಅದಕ್ಕೆ. ನೋಡಾನ.”

ಮತ್ತೆ ಅದೇ ‘ನೋಡಾನ’. ಕಚೇರಿಯ ಮೇಜಿನ ಆಚೆ ಕಡೆಯಿಂದ ಬಂದರೆ ಈ ಪದಕ್ಕೆ ‘ಆಗೋದಿಲ್ಲ, ಹೋಗು’ ಎಂದರ್ಥ. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ‘ನೋಡಾನ’ ಎಂದು ಎದ್ದರೆ ಆ ಸಂಬಂಧ ಅಲ್ಲಿಗೆ ಮುಗಿಯಿತು. ಅಜ್ಜಿಯ ಬಾಯಲ್ಲಿ ಮಾತ್ರ ಅದು ಮುಗಿಯದ ಮಾತು. ಅವರು ನಿರೀಕ್ಷೆ ಎಂದು ಒಮ್ಮೆಯೂ ಹೇಳಲಿಲ್ಲ. ಅದು ದೇವಾಲಯದಲ್ಲಿ ಕೇಳುವ ಪದ, ಬಿಳಿ ಸೀರೆಯ ಹಾಗೆ. ಮನೆಯಲ್ಲಿ ಉಟ್ಟು ಸವೆಸುವುದು ಇದನ್ನೇ. ಅನುವಾದಕರು ಸಂಸ್ಕೃತದಲ್ಲಿ ಹುಡುಕಿ ತಂದ ಕಣ್ಣು ಇಲ್ಲಿಯ ಮಾತಿನಲ್ಲಿ ಮೊದಲಿನಿಂದಲೂ ತೆರೆದೇ ಇತ್ತು.

ಸತ್ಯವೇದ ಮನೆಗೆ ಬಂದದ್ದು ಹೇಗೆ ಎಂದು ಕೇಳಿದೆ. ಗಂಡ ತೀರಿದ ವರ್ಷವಂತೆ. ಕೊರೆಸಿದ ಬೋರಿನಲ್ಲಿ ಬರೀ ಧೂಳು, ಮಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ. ಬೀಜದ ಕಾಯಿ ಮೂಲೆಯಲ್ಲಿ ಮೂಟೆಯಾಗಿಯೇ ಬಿದ್ದಿತ್ತು, ಮುಟ್ಟಲು ಮನಸ್ಸಿಲ್ಲ. ಮೇಲಿನ ಕೇರಿಯ ಪ್ರಾರ್ಥನೆಯ ಹೆಂಗಸರು ಮೂವರು ಬಂದರು.

“ಬಂದು ಏನಂದ್ರು?”

“ಏನೂ ಅನ್ಲಿಲ್ಲ. ಮೂಟೆ ಬಿಚ್ಚಿ ಕೂತ್ಕಂಡು ಸುಲಿದ್ರು. ಹೊತ್ತು ಮುಳುಗಾಗಂಟ. ನಾಕನೇ ದಿನ ನಾನೂ ಕೂತೆ.”

ಆ ವರ್ಷ ಮಳೆ ಬಂತೇ ಎಂದು ಕೇಳಿದೆ. ಅವರಿಗೆ ಸರಿಯಾಗಿ ನೆನಪಿರಲಿಲ್ಲ. “ಅರೆಬರೆ” ಎಂದರು.

ಒಂದು ಬೊಗಸೆ ಕಾಯಿ ನನ್ನ ಮುಂದೆ ಸುರಿದರು. ಸುಲಿದೆ. ನಾಲ್ಕರಲ್ಲಿ ಎರಡು ಒಡೆದವು. ಅಜ್ಜಿ ಬಯ್ಯಲಿಲ್ಲ. ಒಡೆದದ್ದನ್ನು ಆರಿಸಿ ಪಕ್ಕದ ತಟ್ಟೆಗೆ ಹಾಕುತ್ತ ಹೇಳಿದರು: “ಇವು ಚಟ್ನಿಗಾಗ್ತಾವೆ. ನೀನು ಸುಲಿ.”