ಸುನಾವೊ ತವಾರ

ಸುನಾವೊ ತವಾರ (5 ಜುಲೈ 1873 – 19 ಜನವರಿ 1952) ಜಪಾನಿನ ರೋಗಶಾಸ್ತ್ರಜ್ಞರು. ಹೃದಯದ ಮೇಲಿನ ಕೋಣೆಗಳಲ್ಲಿ ಹುಟ್ಟುವ ಮಿಡಿತದ ಪ್ರಚೋದನೆಯು ಕೆಳಗಿನ ಕೋಣೆಗಳಿಗೆ ಯಾವ ಹಾದಿಯಲ್ಲಿ ಇಳಿದುಬರುತ್ತದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಗುರುತಿಸಿ ತೋರಿಸಿದ ಮೊದಲಿಗರು ಇವರೇ. ಜರ್ಮನಿಯ ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ 1903ರಿಂದ 1906ರವರೆಗೆ ಈ ಕಾರ್ಯ ನಡೆಯಿತು. ಆಗ ಇವರಿನ್ನೂ ಪದವಿ ಪಡೆದು ಕೆಲವೇ ವರ್ಷಗಳಾಗಿದ್ದ, ಹೆಸರಿಲ್ಲದ ಯುವ ಸಂಶೋಧಕರಾಗಿದ್ದರು. ಆ ಹಾದಿಯ ಆರಂಭದಲ್ಲಿರುವ, ಇಂದು ವೈದ್ಯರು ಎ.ವಿ. ನೋಡ್ ಎಂದು ಕರೆಯುವ ಸ್ನಾಯುತಂತುಗಳ ಗಂಟಿಗೆ ಆಶೋಫ್-ತವಾರ ಗಂಟು ಎಂಬ ಹೆಸರೂ ಇದೆ.

ಆರಂಭಿಕ ಜೀವನ

ತವಾರ ಅವರು ಕ್ಯೂಷು ದ್ವೀಪದ ಓಯಿಟಾ ಪ್ರಾಂತ್ಯದಲ್ಲಿ ಜನಿಸಿದರು. ಹುಟ್ಟಿದ ಮನೆತನದ ಹೆಸರು ನಕಾವೊ. ನಕಾತ್ಸು ಪಟ್ಟಣದ ವೈದ್ಯರಾಗಿದ್ದ ಬಂಧು ಷುಂಟೊ ತವಾರ ಅವರು ಇವರನ್ನು ದತ್ತು ಪಡೆದುದರಿಂದ ತವಾರ ಎಂಬ ಹೆಸರು ಬಂದಿತು. ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಪದವಿ ಪಡೆದದ್ದು 1901ರಲ್ಲಿ. ಅಂದಿನ ಜಪಾನಿನಲ್ಲಿ ವೈದ್ಯಶಾಸ್ತ್ರದ ಮಾದರಿ ಜರ್ಮನಿಯೇ ಆಗಿತ್ತು. ಎರಡು ವರ್ಷಗಳ ನಂತರ ಇವರೂ ಅಲ್ಲಿಗೆ ಹೊರಟರು.

ಅಂದು ಇದ್ದ ಪ್ರಶ್ನೆ

ಹೃದಯದ ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳು ಮೊದಲು ಸಂಕುಚಿಸುತ್ತವೆ. ಕ್ಷಣಾರ್ಧದ ಬಳಿಕ ಕೆಳಗಿನ ಹೃತ್ಕುಕ್ಷಿಗಳು ಸಂಕುಚಿಸುತ್ತವೆ. ಇವೆರಡರ ನಡುವೆ ವಿದ್ಯುತ್ ಹರಿಯಗೊಡದ ನಾರಿನ ಉಂಗುರವೊಂದಿದೆ. ಹಾಗಿದ್ದ ಮೇಲೆ ಮೇಲಿನ ಪ್ರಚೋದನೆ ಕೆಳಗೆ ತಲುಪುವುದು ಹೇಗೆ? ನರಗಳ ಮೂಲಕ ಎಂಬುದು ಒಂದು ಪಕ್ಷ, ಸ್ನಾಯುವಿನ ಮೂಲಕವೇ ಎಂಬುದು ಇನ್ನೊಂದು ಪಕ್ಷ. ಆಮೆಯ ಹೃದಯದ ಮೇಲೆ ಪ್ರಯೋಗ ನಡೆಸಿದ ಇಂಗ್ಲೆಂಡಿನ ವಾಲ್ಟರ್ ಗ್ಯಾಸ್ಕೆಲ್ 1880ರ ದಶಕದಲ್ಲೇ ಎರಡನೆಯ ಪಕ್ಷವನ್ನು ಬಲಪಡಿಸಿದ್ದರು. ಆದರೆ ಸಸ್ತನಿಗಳ ಹೃದಯದಲ್ಲಿ ಅಂಥ ಸ್ನಾಯುಸೇತುವೆಯನ್ನು ಕಣ್ಣಾರೆ ತೋರಿಸಬೇಕಿತ್ತು.

ಸುಳಿವುಗಳು ಇಲ್ಲದೆ ಇರಲಿಲ್ಲ. ಯಾನ್ ಪರ್ಕಿಂಜೆ 1839ರಲ್ಲಿ ಕುರಿಯ ಹೃದಯದ ಒಳಪದರದ ಅಡಿಯಲ್ಲಿ ಬೂದುಬಣ್ಣದ ಬಲೆಯಂಥ ತಂತುಗಳನ್ನು ಕಂಡಿದ್ದರು. ಅವುಗಳ ಕೆಲಸವೇನೆಂಬುದು ಯಾರಿಗೂ ತಿಳಿದಿರಲಿಲ್ಲ. ಕಿರಿಯ ವಿಲ್‌ಹೆಲ್ಮ್ ಹಿಸ್ 1893ರಲ್ಲಿ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಸಣ್ಣ ಸ್ನಾಯುಕಟ್ಟೊಂದನ್ನು ವರ್ಣಿಸಿದ್ದರು. ಅದು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಸ್ಪಷ್ಟವಿರಲಿಲ್ಲ. ಐವತ್ತನಾಲ್ಕು ವರ್ಷಗಳ ಅಂತರದಲ್ಲಿ ದೊರೆತ ಈ ಎರಡು ತುಣುಕುಗಳು ಒಂದೇ ವಸ್ತುವಿನ ಭಾಗಗಳೆಂದು 1906ರವರೆಗೆ ಸ್ಥಾಪಿತವಾಗಲಿಲ್ಲ.

ಮಾರ್ಬುರ್ಗಿನ ವರ್ಷಗಳು

ಮಾರ್ಬುರ್ಗಿನಲ್ಲಿ ಇವರ ಮಾರ್ಗದರ್ಶಕರು ಲುಡ್ವಿಗ್ ಆಶೋಫ್. ಅವರೂ ಆ ವರ್ಷವಷ್ಟೇ ಅಲ್ಲಿಗೆ ರೋಗಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದಿದ್ದರು. ಅವರು ತವಾರ ಅವರಿಗೆ ಕೊಟ್ಟ ವಿಷಯ ಪ್ರಚೋದನೆಯ ಹಾದಿಯದ್ದಲ್ಲ. ಹೃದಯ ಸೋಲುವುದಕ್ಕೆ ಹೃತ್ಸ್ನಾಯುವಿನ ಉರಿಯೂತವೇ ಕಾರಣವೆಂಬ ಅಭಿಪ್ರಾಯ ಅಂದು ಪ್ರಬಲವಾಗಿತ್ತು. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸುವುದು ಇವರಿಗೆ ವಹಿಸಿದ ಕೆಲಸ.

ಸುಮಾರು 150 ಹೃದಯಗಳನ್ನು ಇವರು ಪರಿಶೀಲಿಸಿದರು. ಉರಿಯೂತದ ಗುರುತುಗಳು ಕೆಲವೆಡೆ ಇದ್ದರೂ ಹೃದಯದ ಸೋಲನ್ನು ವಿವರಿಸುವಷ್ಟು ಇರಲಿಲ್ಲ. ಎಂದರೆ ಕೇಳಿದ ಪ್ರಶ್ನೆಗೆ ಬಂದ ಉತ್ತರ ‘ಇಲ್ಲ’ ಎಂಬುದು. ಹೊಸದಾಗಿ ಸಂಶೋಧನೆಗೆ ಇಳಿದವರಿಗೆ ಇದಕ್ಕಿಂತ ನಿರಾಶೆಯ ಉತ್ತರ ಬೇರೆ ಇರಲಾರದು. ಆದರೆ ಈ ಪರಿಶೀಲನೆಯ ನಡುವೆಯೇ ಸಂಧಿವಾತ ಜ್ವರಕ್ಕೆ ತುತ್ತಾದ ಹೃದಯಗಳಲ್ಲಿ ವಿಶಿಷ್ಟವಾದ ಸಣ್ಣ ಕಣಗಳು ಕಂಡುಬಂದವು. ಇವನ್ನು 1904ರಲ್ಲಿ ಆಶೋಫ್ ವರ್ಣಿಸಿದರು. ಭಾರತದ ವೈದ್ಯವಿದ್ಯಾರ್ಥಿಗಳೂ ಇಂದಿಗೂ ಕಲಿಯುವ ಆಶೋಫ್ ಕಾಯಗಳು ಇವೇ.

ಸ್ನಾಯುವಿನಲ್ಲಿ ಕಾರಣ ಸಿಗದಿದ್ದಾಗ, ಹಿಸ್ ಕಟ್ಟಿಗೆ ಏನಾದರೂ ಹಾನಿಯಾಗಿರಬಹುದೇ ಎಂಬ ಪ್ರಶ್ನೆ ಎದ್ದಿತು. ಹಾನಿಯನ್ನು ಗುರುತಿಸಬೇಕಾದರೆ ಆ ಕಟ್ಟಿನ ಸಹಜ ಸ್ವರೂಪ ತಿಳಿದಿರಬೇಕು, ಅದು ಯಾವ ಗ್ರಂಥದಲ್ಲಿಯೂ ಪೂರ್ಣವಾಗಿ ಇರಲಿಲ್ಲ. ಆದ್ದರಿಂದ ತವಾರ ಅವರು ಮನುಷ್ಯ, ನಾಯಿ, ಬೆಕ್ಕು, ಕುರಿ, ಕರು ಮೊದಲಾದವುಗಳ ಹೃದಯದ ಆ ಭಾಗವನ್ನು ತೆಳುವಾದ ಪದರಗಳಾಗಿ ಒಂದಾದ ಮೇಲೊಂದರಂತೆ ಸೀಳಿ, ಬಣ್ಣ ಹಾಕಿ, ಅನುಕ್ರಮ ತಪ್ಪದೆ ನೋಡುತ್ತ ಹೋದರು. ನಡುವೆ ಕೆಲವು ಪದರಗಳು ಕೈಬಿಟ್ಟರೆ ಹಾದಿಯ ಗುರುತೇ ತಪ್ಪಿಹೋಗುವ ಕೆಲಸವಿದು.

1906ರ ಗ್ರಂಥ

ಫಲಿತಾಂಶವು ಯೆನಾ ನಗರದಲ್ಲಿ 1906ರಲ್ಲಿ ‘ಸಸ್ತನಿ ಹೃದಯದ ಪ್ರಚೋದನಾ ವಾಹಕ ವ್ಯವಸ್ಥೆ’ ಎಂಬ ಅರ್ಥದ ಶೀರ್ಷಿಕೆಯ ಜರ್ಮನ್ ಗ್ರಂಥವಾಗಿ ಪ್ರಕಟವಾಯಿತು. ಸುಮಾರು 200 ಪುಟಗಳ ಈ ಗ್ರಂಥದ ಕರ್ತೃವಾಗಿ ತವಾರ ಅವರ ಹೆಸರು ಮಾತ್ರ ಇದೆ. ಆಶೋಫ್ ಬರೆದದ್ದು ಮುನ್ನುಡಿ. ಗುರುವಿನ ಹೆಸರು ಮುಂದೆ ನಿಲ್ಲುವುದು ಸಾಮಾನ್ಯವಾದ ಪ್ರಯೋಗಾಲಯ ಪರಂಪರೆಯಲ್ಲಿ ಇದು ಗಮನಿಸತಕ್ಕ ಔದಾರ್ಯ.

ಗ್ರಂಥದ ತಿರುಳು ಹೀಗಿದೆ. ಹೃತ್ಕರ್ಣಗಳ ನಡುಗೋಡೆಯ ಬುಡದಲ್ಲಿ ಹೆಣೆದುಕೊಂಡ ತಂತುಗಳ ಗಂಟೊಂದಿದೆ. ಹಿಸ್ ಕಟ್ಟು ಅದರಿಂದಲೇ ಹೊರಟು ನಾರಿನ ಉಂಗುರವನ್ನು ತೂರಿ ಕೆಳಗಿಳಿಯುತ್ತದೆ. ಅಲ್ಲಿ ಬಲ ಮತ್ತು ಎಡ ಎಂಬ ಎರಡು ಶಾಖೆಗಳಾಗುತ್ತದೆ. ಬಲಶಾಖೆ ದಾರದಂತೆ ಸಾಗಿದರೆ ಎಡಶಾಖೆ ಬೀಸಣಿಗೆಯಂತೆ ಹರಡುತ್ತದೆ. ಕೊನೆಗೆ ಎರಡೂ ಸೂಕ್ಷ್ಮವಾದ ಬಲೆಯಾಗಿ ಹೃತ್ಕುಕ್ಷಿಯ ಸ್ನಾಯುವಿನಲ್ಲಿ ಬೆರೆಯುತ್ತವೆ. ಆ ಬಲೆ ಬೇರಾವುದೂ ಅಲ್ಲ, ಪರ್ಕಿಂಜೆ ತಂತುಗಳೇ.

ಶಾಖೆಗಳು ತಮ್ಮ ತುದಿಯನ್ನು ಮುಟ್ಟುವವರೆಗೂ ಹೊದಿಕೆಯೊಳಗೆ ಪ್ರತ್ಯೇಕವಾಗಿರುತ್ತವೆ, ದಾರಿಯಲ್ಲಿನ ಸ್ನಾಯುವಿನೊಡನೆ ಸಂಪರ್ಕ ಹೊಂದುವುದಿಲ್ಲ. ನಾಲೆಯ ನೀರು ಮೇಲಿನ ಗದ್ದೆಗಳಿಗೆ ಸೋರದೆ ನೇರವಾಗಿ ಕೊನೆಯ ಗದ್ದೆಗೆ ತಲುಪುವಂತೆ ಇದನ್ನು ಭಾವಿಸಬಹುದು. ರಕ್ತ ಹೊರಹೋಗುವ ದ್ವಾರಗಳು ಹೃತ್ಕುಕ್ಷಿಯ ಮೇಲ್ಭಾಗದಲ್ಲಿರುವುದರಿಂದ ಸಂಕೋಚನವು ತಳದ ಕಡೆಯಿಂದ ಆರಂಭವಾಗುವುದು ಅನುಕೂಲ. ಮುಂದಿನ ಅಳತೆಗಳು ಈ ರಚನೆಗೆ ಅಂಕಿಗಳನ್ನು ಒದಗಿಸಿವೆ. ಗಂಟಿನಲ್ಲಿ ಪ್ರಚೋದನೆ ಸೆಕೆಂಡಿಗೆ ಸುಮಾರು 5 ಸೆಂಟಿಮೀಟರ್ ವೇಗದಲ್ಲಿ ತೆವಳುತ್ತದೆ, ಪರ್ಕಿಂಜೆ ತಂತುಗಳಲ್ಲಿ 2ರಿಂದ 4 ಮೀಟರ್ ವೇಗದಲ್ಲಿ ಓಡುತ್ತದೆ. ಗಂಟಿನಲ್ಲಾಗುವ ವಿಳಂಬದಿಂದಲೇ ಮೇಲಿನ ಕೋಣೆಗಳ ರಕ್ತ ಕೆಳಗೆ ತುಂಬಲು ಅವಕಾಶ ದೊರೆಯುತ್ತದೆ.

ಪರಿಣಾಮ

ಲಂಡನ್ನಿನ ಅಂಗರಚನಾಶಾಸ್ತ್ರಜ್ಞ ಆರ್ಥರ್ ಕೀತ್ ಹಿಸ್ ಕಟ್ಟನ್ನು ಹುಡುಕಿ ಕಾಣದೆ ಅದರ ಇರವನ್ನೇ ಸಂಶಯಿಸಿದ್ದರು. ತವಾರ ಅವರ ಗ್ರಂಥವನ್ನು ಓದಿದ ಮೇಲೆ ಅದು ಅವರಿಗೆ ಕಾಣಿಸಿತು. ಅದೇ ಉತ್ಸಾಹದಲ್ಲಿ ಅವರೂ ವೈದ್ಯವಿದ್ಯಾರ್ಥಿ ಮಾರ್ಟಿನ್ ಫ್ಲ್ಯಾಕ್ ಅವರೂ ಶೋಧ ಮುಂದುವರಿಸಿ, ಮಿಡಿತದ ಮೂಲಸ್ಥಾನವಾದ ಸೈನಸ್ ಗಂಟನ್ನು ಪತ್ತೆಮಾಡಿ 1907ರಲ್ಲಿ ಪ್ರಕಟಿಸಿದರು. ವಿಯೆನ್ನಾದ ಎಪಿಂಗರ್ ಮತ್ತು ರೋಥ್‌ಬರ್ಗರ್ ಪ್ರಾಣಿಗಳಲ್ಲಿ ಈ ಶಾಖೆಗಳನ್ನು ಕತ್ತರಿಸಿ ಇ.ಸಿ.ಜಿ. ರೇಖೆ ಹೇಗೆ ಬದಲಾಗುತ್ತದೆಂದು ತೋರಿಸಿದರು. ಇ.ಸಿ.ಜಿ. ವರದಿಯಲ್ಲಿ ಕಾಣುವ ‘ಎಡಶಾಖೆಯ ತಡೆ’, ‘ಬಲಶಾಖೆಯ ತಡೆ’ ಎಂಬ ಮಾತುಗಳು ತವಾರ ಗುರುತಿಸಿದ ಶಾಖೆಗಳನ್ನೇ ಕುರಿತವು. ಅದೇ ವರದಿಯ ಪಿ.ಆರ್. ಅವಧಿ ಸಾಮಾನ್ಯವಾಗಿ 0.12ರಿಂದ 0.20 ಸೆಕೆಂಡು. ಅದರಲ್ಲಿ ಹೆಚ್ಚಿನ ಪಾಲು ಗಂಟಿನ ವಿಳಂಬದ್ದು.

ಈ ಹಾದಿ ಪೂರ್ತಿ ಕಡಿದರೆ ಹೃತ್ಕುಕ್ಷಿಗಳು ತಮ್ಮದೇ ಮಂದಗತಿಯಲ್ಲಿ, ನಿಮಿಷಕ್ಕೆ ಮೂವತ್ತು ನಲವತ್ತು ಬಾರಿ ಮಾತ್ರ ಮಿಡಿಯುತ್ತವೆ. ರೋಗಿ ಮೂರ್ಛೆ ಹೋಗಬಹುದು, ಸಾವೂ ಸಂಭವಿಸಬಹುದು. ಈ ಸ್ಥಿತಿಗೆ ಪರಿಹಾರವಾಗಿ ದೇಹದೊಳಗೆ ಇರಿಸುವ ಪೇಸ್‌ಮೇಕರ್ ಸ್ವೀಡನ್ನಿನಲ್ಲಿ ಮೊದಲು ಬಳಕೆಯಾದದ್ದು 1958ರಲ್ಲಿ. ಇತ್ತೀಚಿನ ವರ್ಷಗಳಲ್ಲಿ ಅದರ ತಂತಿಯನ್ನು ಹಿಸ್ ಕಟ್ಟು ಅಥವಾ ಎಡಶಾಖೆಯ ಬಳಿಯೇ ನಿಲ್ಲಿಸಿ, ಸಹಜ ಹಾದಿಯಲ್ಲೇ ಪ್ರಚೋದನೆ ಹರಿಸುವ ಕ್ರಮವೂ ರೂಢಿಗೆ ಬರುತ್ತಿದೆ.

ಹೆಸರಿನ ವಿಚಾರ

ಕಟ್ಟಿಗೆ ಹಿಸ್, ತಂತುಗಳಿಗೆ ಪರ್ಕಿಂಜೆ ಎಂಬ ಹೆಸರುಗಳು ಎಲ್ಲೆಡೆ ಉಳಿದುಕೊಂಡವು. ಇವೆರಡನ್ನೂ ಜೋಡಿಸಿದವರ ಹೆಸರು ಇಂಗ್ಲಿಷ್ ಪಠ್ಯಗಳಲ್ಲಿ ವಿರಳವಾಯಿತು. ಮೂಲಗ್ರಂಥ ಜರ್ಮನ್ ಭಾಷೆಯಲ್ಲಿದ್ದು, ಪೂರ್ಣ ಇಂಗ್ಲಿಷ್ ಅನುವಾದ 2000ದವರೆಗೆ ಬಾರದಿದ್ದುದೂ ಇದಕ್ಕೊಂದು ಕಾರಣವಿರಬೇಕು. ಜರ್ಮನ್ ವೈದ್ಯರು ಮಾತ್ರ ಹಿಸ್ ಕಟ್ಟಿನ ಶಾಖೆಗಳನ್ನು ಇಂದಿಗೂ ತವಾರ ಶಾಖೆಗಳೆಂದೇ ಕರೆಯುತ್ತಾರೆ. ಜಪಾನಿನಲ್ಲಿ ಗಂಟಿಗೆ ತವಾರ ಗಂಟು ಎಂಬ ಹೆಸರು ಬಳಕೆಯಲ್ಲಿದೆ.

ನಂತರದ ಜೀವನ

ತವಾರ 1906ರಲ್ಲಿ ಸ್ವದೇಶಕ್ಕೆ ಮರಳಿ ಫುಕುವೊಕಾದ ವೈದ್ಯಕೀಯ ಕಾಲೇಜನ್ನು ಸೇರಿದರು. 1908ರಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದರು. ಆ ಕಾಲೇಜು ಮುಂದೆ ಕ್ಯೂಷು ಇಂಪೀರಿಯಲ್ ವಿಶ್ವವಿದ್ಯಾಲಯದ ಭಾಗವಾಯಿತು. ವಾಹಕ ವ್ಯವಸ್ಥೆಯ ಸಂಶೋಧನೆಗಾಗಿ 1914ರಲ್ಲಿ ಜಪಾನಿನ ವಿದ್ವತ್ ಅಕಾಡೆಮಿಯ ಸಾಮ್ರಾಜ್ಯ ಪ್ರಶಸ್ತಿ ಇವರಿಗೆ ಸಂದಿತು. 1933ರಲ್ಲಿ ನಿವೃತ್ತರಾದ ಇವರು 1952ರ ಜನವರಿಯಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ ನಿಧನರಾದರು.