ಹಸಿರು ನಾಯಿ, ಎರಡು ಕೈಯ ಖಳನಾಯಕ

ಇವತ್ತಿನ ಕಥೆ ಒಂದು ಹಸಿರು ಪ್ಲಾಸ್ಟಿಕ್ ನಾಯಿಯದ್ದು.

1963ರ ನವೆಂಬರ್ 23ರಂದು ಬ್ರಿಟನ್ನಿನ ಬಿಬಿಸಿಯಲ್ಲಿ ‘ಡಾಕ್ಟರ್ ಹೂ’ ಅನ್ನೋ ಸೀರಿಯಲ್ ಶುರುವಾಯ್ತು. ಟಾರ್ಡಿಸ್ ಎಂಬ ನೀಲಿ ಪೊಲೀಸ್ ಡಬ್ಬದಲ್ಲಿ ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಹೋಗಿಬರುವ ಡಾಕ್ಟರ್‌ನ ಕಥೆ ಅದು. ಸೀರಿಯಲ್ಲಿಗೆ 25 ವರ್ಷ ತುಂಬಿದ 1988ರಲ್ಲಿ, ಆಟದ ರೈಲು ಮಾಡುತ್ತಿದ್ದ ಡಾಪೋಲ್ ಕಂಪನಿ ಇದರ ಪುಟ್ಟ ಗೊಂಬೆಗಳನ್ನ ಮಾರುಕಟ್ಟೆಗೆ ತಂದಿತು.

ಜೊತೆಗೆ ತಪ್ಪುಗಳೂ ಬಂದವು. ಟೀವಿಯಲ್ಲಿ ಕೆ-ನೈನ್ ಎಂಬ ರೋಬೋಟ್ ನಾಯಿಯ ಬಣ್ಣ ಬೂದು; ಗೊಂಬೆ ಹಸಿರು! ಟಾರ್ಡಿಸ್ ನಡೆಸುವ ಮೇಜಿಗೆ ಆರು ಬದಿ ಇರಬೇಕು, ಇಲ್ಲಿ ಐದೇ. ಡಾವ್ರೋಸ್ ಅಂತ ಒಬ್ಬ ಖಳನಾಯಕ, ಡಾಲೆಕ್‌ಗಳನ್ನ ಸೃಷ್ಟಿಸಿದವನು. ಅವನಿಗೆ ಇರೋದೇ ಒಂದು ಕೈ. ಕಂಪನಿ ಧಾರಾಳವಾಗಿ ಎರಡು ಕೊಟ್ಟಿತ್ತು. ಆಮೇಲೆ ನಾಯಿಗೆ ಬೂದು ಬಣ್ಣ ಬಂತು, ಡಾವ್ರೋಸ್‌ನ ಹೆಚ್ಚುವರಿ ಕೈ ಹೋಯ್ತು. ಆದ್ರೆ ಸಂಗ್ರಹಕಾರರು ಇವತ್ತಿಗೂ ಆ ತಪ್ಪು ಗೊಂಬೆಗಳನ್ನೇ ಹುಡುಕ್ತಾರೆ.

ಯಾಕೆ? ತಪ್ಪಾಗಿ ಅಚ್ಚಾದ ಅಂಚೆಚೀಟಿಗೆ ಬೆಲೆ ಬರೋದು ಅದು ಅಪರೂಪ ಅಂತ. ಇಲ್ಲಿ ವಿಷಯ ಅಷ್ಟೇ ಅಲ್ಲ ಅನ್ಸುತ್ತೆ ನನಗೆ. 1989ರ ಡಿಸೆಂಬರ್‌ನಲ್ಲಿ ಸೀರಿಯಲ್ಲೇ ನಿಂತುಹೋಯ್ತು. 1996ರ ಒಂದು ಟೀವಿ ಸಿನಿಮಾ ಬಿಟ್ರೆ, ಹೊಸ ಕಂತುಗಳಿಗೆ 2005ರವರೆಗೆ ಕಾಯಬೇಕಾಯ್ತು. ಅಷ್ಟು ವರ್ಷ ಟೀವಿಯಲ್ಲಿ ಹೊಸ ಕಥೆ ಇಲ್ಲ. ಮಕ್ಕಳು ತಾವೇ ಕಥೆ ಕಟ್ಟಿ ಆಡಬೇಕಿತ್ತು, ಐದು ಬದಿಯ ಮೇಜಿನ ಸುತ್ತ.

2005ರ ನಂತರ ಬೇರೆ ಕಂಪನಿಯ ಹೊಸ ಗೊಂಬೆಗಳು ಬಂದವು. ಮುಖ, ಬಟ್ಟೆ ಎಲ್ಲಾ ಟೀವಿಯಲ್ಲಿದ್ದ ಹಾಗೇ. ಆದ್ರೂ ಎಷ್ಟೋ ಕಪಾಟುಗಳಲ್ಲಿ ಅವುಗಳ ಪಕ್ಕ ಆ ಹಸಿರು ನಾಯಿ ಇನ್ನೂ ನಿಂತಿದೆ.