ಸೆರಗು ಕೂಡಿಸುವ ಲೆಕ್ಕ

ಎರಡು ದಪ್ಪದ ನೂಲು ಹಾಕಿ ಶಾಲು ಹೆಣೆದು ನೋಡಿದ್ದೀರಾ? ಹೋದ ಚಳಿಗಾಲ ಸೆಂಟರ್‌ವಿಲ್‌ನ ನಮ್ಮ ಮನೆಯಲ್ಲಿ ಕೂತು ನಾನು ಶುರುಮಾಡಿದೆ. ನಡುವಿಗೆ ದಪ್ಪ ಉಣ್ಣೆ, ಅಂಚಿಗೆ ತೆಳು ರೇಷ್ಮೆ. ಇಲ್ಲಿನ ನೂಲಿನ ಉಂಡೆಗಳ ಮೇಲೆ 0ಯಿಂದ 7ರವರೆಗೆ ಒಂದು ಸಂಖ್ಯೆ ಇರುತ್ತೆ; ನನ್ನವು 4 ಮತ್ತು 0. ಸಾಮಾನ್ಯವಾಗಿ 4 ಇಂಚಿನಲ್ಲಿ ದಪ್ಪ ನೂಲಿನ 16ರಿಂದ 20 ಕುಣಿಕೆ ಹಿಡಿದರೆ, ತೆಳು ನೂಲಿನವು 33ರಿಂದ 40 ಹಿಡಿಯುತ್ತವೆ. ಹೆಚ್ಚುಕಡಿಮೆ ದುಪ್ಪಟ್ಟು. ನಾನು ಕುಣಿಕೆಗಳ ಸಂಖ್ಯೆ ಹಾಗೇ ಇಟ್ಟು ನೂಲು ಮಾತ್ರ ಬದಲಿಸಿದೆ. ಶಾಲು ಸೇರುವಲ್ಲಿ ದಾರ ಎಳೆದ ಚೀಲದ ಬಾಯಿ ಹಾಗೆ ಸುಕ್ಕುಗಟ್ಟಿತು. ದಿನವಿಡೀ ಡೇಟಾ ಜೊತೆ ಗುದ್ದಾಡೋಳಿಗೆ ಇಷ್ಟು ಸಣ್ಣ ಭಾಗಾಕಾರ ಹೊಳೆಯಲಿಲ್ಲ.

ವಿಡಿಯೊದಲ್ಲಿ ಅವ್ವಗೆ ತೋರಿಸಿದೆ. "ಇಳಕಲ್ಲ ಸೀರಿಗೆ ಸೆರಗು ಹೆಂಗ ಕೂಡಿಸ್ಯಾರ, ನೋಡಿಲ್ಲೇನ?" ಅಂದಳು. ಸತ್ಯ ಹೇಳಬೇಕಂದ್ರೆ, ನೋಡಿರಲಿಲ್ಲ. ಉಟ್ಟಿದ್ದೆ, ಅಷ್ಟೇ.

ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಗೆ ಮೈ ಹತ್ತಿ, ಸೆರಗು ಕೆಂಪು ಬಿಳಿ ರೇಷ್ಮೆ. ಎಂಟನೇ ಶತಮಾನದ ನೇಯ್ಗೆ ಅಂತ ಎಲ್ಲ ಕಡೆ ಬರೆದಿರ್ತಾರೆ. ನನಗೆ ಆ ಹೆಮ್ಮೆಗಿಂತ ಮಗ್ಗದ ಮೇಲಿನ ಒಂದು ಗೆರೆ ಮುಖ್ಯ. ಬಹುತೇಕ ಸೀರೆಗಳಲ್ಲಿ ಉದ್ದಕ್ಕೆ ಓಡುವ ಎಳೆ, ಅಂದರೆ ಹಾಸು, ಮೈಯಿಂದ ಸೆರಗಿನವರೆಗೂ ಒಂದೇ. ಅಡ್ಡ ಬರುವ ಹೊಕ್ಕು ಮಾತ್ರ ಬದಲಾಗುತ್ತೆ. (ನಾವು ಮಾತಲ್ಲಿ ಬಳಸೋ 'ಹಾಸುಹೊಕ್ಕು' ಬಂದಿದ್ದು ಇಲ್ಲಿಂದಲೇ.) ಇಳಕಲ್ ಸೀರೆಯಲ್ಲಿ ಹಾಸೇ ಬದಲಾಗುತ್ತೆ. ಹತ್ತಿಯ ಎಳೆಗಳು ಮುಗಿಯುವಲ್ಲಿ ರೇಷ್ಮೆ ಎಳೆಗಳು ಶುರು. ನಿಮ್ಮ ಎರಡೂ ಕಿರುಬೆರಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ಎಳೆದು ನೋಡಿ. ಹತ್ತಿಯ ಕುಣಿಕೆಯೊಳಗೆ ರೇಷ್ಮೆಯ ಕುಣಿಕೆಯನ್ನು ಹೀಗೇ ಸಿಕ್ಕಿಸಿ, ಇಡೀ ಅಗಲಕ್ಕೆ ಕೂಡಿಸಿಕೊಂಡು ಹೋಗುತ್ತಾರೆ. ಇದಕ್ಕೆ ತೋಪು ತೆನಿ ಅನ್ನೋ ಹೆಸರು. ಪ್ರತಿ ಸೀರೆಗೂ ಈ ಕೆಲಸ ಇರೋದರಿಂದ ಹಾಸನ್ನು ಒಂದೊಂದೇ ಸೀರೆಯ ಅಳತೆಗೆ, 6, 8 ಅಥವಾ 9 ಗಜಕ್ಕೆ, ಹೂಡುತ್ತಾರೆ. ಅಡ್ಡಕ್ಕೆ ಅಂಚು ಮತ್ತು ಮೈಯನ್ನು ಕೂಡಿಸೋದು ಕೊಂಡಿ, ಮೂರು ಲಾಳಿಯ ಕೆಲಸ.

ಹೆಣಿಗೆಯಲ್ಲಿ ಇಡೀ ಬಟ್ಟೆಯೇ ಕುಣಿಕೆ. ಇಳಕಲ್ಲಿನವರು ಅದನ್ನು ಎರಡು ನೂಲು ಭೇಟಿಯಾಗುವ ಒಂದೇ ಸಾಲಿಗೆ ಬಳಸಿದರು.

ಆ ಸಾಲಿನಲ್ಲಿ ಎರಡು ದೇಶದ ಲೆಕ್ಕವೂ ಭೇಟಿಯಾಗುತ್ತೆ. ಹತ್ತಿಯನ್ನು ಅಳೆಯೋದು ಕೌಂಟಿನಲ್ಲಿ: ಒಂದು ಪೌಂಡಿಗೆ 840 ಗಜದ ಎಷ್ಟು ಲಡಿ ಬರುತ್ತೆ ಅನ್ನೋ ಇಂಗ್ಲೆಂಡಿನ ಗಿರಣಿ ಲೆಕ್ಕ. ರೇಷ್ಮೆಗೆ ಡೆನಿಯರ್: 9000 ಮೀಟರ್ ಎಷ್ಟು ಗ್ರಾಂ ತೂಗುತ್ತೆ ಅನ್ನೋದು, ಹೆಸರು ಫ್ರಾನ್ಸಿನ ಹಳೇ ನಾಣ್ಯದ್ದು. ಕೌಂಟ್ ಏರಿದರೆ ನೂಲು ತೆಳು, ಡೆನಿಯರ್ ಏರಿದರೆ ದಪ್ಪ. 5315ನ್ನು ಕೌಂಟಿನಿಂದ ಭಾಗಿಸಿದರೆ ಡೆನಿಯರ್ ಸಿಗುತ್ತೆ. 80 ಕೌಂಟಿನ ಹತ್ತಿ ಸುಮಾರು 66 ಡೆನಿಯರ್. ಉಲ್ಟಾ ಓಡುವ ಈ ಎರಡು ಅಳತೆಯ ನೂಲುಗಳನ್ನು ನೇಕಾರರು ಒಂದೇ ಮಗ್ಗದಲ್ಲಿ ನಿಭಾಯಿಸುತ್ತಾರೆ.

ಯಾಕಿಷ್ಟು ಕಷ್ಟ? ನನ್ನ ಪ್ರಕಾರ ಜಿಪುಣತನ, ಒಳ್ಳೇ ಅರ್ಥದಲ್ಲಿ. ಬೆವರು ಹೀರಬೇಕಾದ ಕಡೆ ಹತ್ತಿ; ತಲೆ ಮೇಲೆ ಹೊದ್ದು ನಾಲ್ಕು ಜನರಿಗೆ ಕಾಣುವ ಕಡೆ ದುಬಾರಿ ರೇಷ್ಮೆ. ಆಮೇಲೆ ಬಂದ ಕೃತಕ ರೇಷ್ಮೆ ಆ ಖರ್ಚನ್ನೂ ಇಳಿಸಿತು. ಆದರೂ ಗೆರೆ ಉಳಿಯಿತು. ಅದಕ್ಕೆ ನಿಜವಾದ ಪೆಟ್ಟು ವಿದ್ಯುತ್ ಮಗ್ಗದ್ದು. ಅದರ ಲಾಭ ಇರೋದೇ ನಿಲ್ಲದೆ ಓಡೋದರಲ್ಲಿ. ಸೀರೆಗೊಮ್ಮೆ ನಿಲ್ಲಿಸಿ ಸೆರಗು ಕೂಡಿಸುತ್ತಾ ಕೂತರೆ ಗಿಟ್ಟಲ್ಲ. ಮೈಯ ಹಾಸನ್ನೇ ಮುಂದೆ ಓಡಿಸಿ, ಸೆರಗಿಗೆ ಕೆಂಪು ಬಿಳಿ ನಕಲು ಮಾಡಿದರೆ ಮುಗೀತು. 1985ರ ಕೈಮಗ್ಗ ಮೀಸಲು ಕಾಯ್ದೆಯ ಪಟ್ಟಿಯಲ್ಲಿ ಸೀರೆಯೂ ಸೇರಿದೆ. ಆದರೆ ಕೊಳ್ಳುವ ನಮಗೆ ಗೆರೆ ಗುರುತಿಸೋಕೇ ಬರದಿದ್ದರೆ ಕಾಯ್ದೆ ಏನು ಮಾಡೀತು?

ನಿಮ್ಮ ಸೂಟ್‌ಕೇಸಿನಲ್ಲೂ ಒಂದು ಇಳಕಲ್ ಇರಬಹುದು. ಸೆರಗು ಶುರುವಾಗುವಲ್ಲಿ ಮಗುಚಿ, ಬೆಳಕಿಗೆ ಹಿಡಿದು, ಬೆರಳಾಡಿಸಿ. ಎಳೆಗಳು ಕೊಕ್ಕೆ ಹಾಕಿಕೊಂಡ ಸಣ್ಣ ಏಣು ಕೈಗೆ ಸಿಗಬೇಕು. ನಮ್ಮಜ್ಜಿಯ ಸೀರೆಯ ಮೈ ಹರಿದು ಎಂದೋ ಕೌದಿ ಸೇರಿತ್ತು. ಸೆರಗು ಮಾತ್ರ ನನ್ನ ಹತ್ತಿರ ಇದೆ, ತುದಿಯಲ್ಲಿ ಬೆರಳಗಲದ ಹತ್ತಿ ಇನ್ನೂ ಅಂಟಿಕೊಂಡೇ.

ಶಾಲು ಬಿಚ್ಚಿದೆ. ಈಗ ಉಣ್ಣೆಯ ಒಂದೊಂದು ಕುಣಿಕೆಗೆ ರೇಷ್ಮೆಯ ಎರಡೆರಡು ಹಾಕ್ತಿದೀನಿ. ಅರ್ಧ ಅಂಚು ಮುಗಿದಿದೆ, ಸುಕ್ಕಿಲ್ಲ.